ಗೋಡೆಯ ಫೋಟೊ ತೆಗೆದೆ, ಗೋಡೆ ಓದಲಿಲ್ಲ

ಕೇಂದ್ರ ಸರ್ಕಾರದ ಪಾರದರ್ಶಕತೆ ಮತ್ತು ಜನಸಹಭಾಗಿತ್ವದ ಯೋಜನೆಗಳನ್ನು ಎಂ.ಎ. ಪ್ರಬಂಧಕ್ಕಾಗಿ ಮೌಲ್ಯಮಾಪನ ಮಾಡಬೇಕು, ಇಲಾಖೆಗಳ ಜಾಲತಾಣ ನೋಡಿ ಬರೆದರೆ ಸಾಕಾ, ಯಾವ ಭರವಸೆಗೆ ಎಷ್ಟು ಅಂಕ ಇಡಲಿ ಅಂತ ಕೇಳಿದ್ದೀರಿ. ಊರು ರಾಣೆಬೆನ್ನೂರು, ದಿಲ್ಲಿತನಕ ಹೋಗೋದು ಆಗದ ಮಾತು ಅಂತಲೂ ಬರೆದಿದ್ದೀರಿ. ಅಂಕ ಹಾಕೋಕೆ ನೀವು ಮಾಡಿಕೊಂಡ ನಮೂನೆಯನ್ನೂ ಕಳಿಸಿದ್ದೀರಿ. 2016ರಲ್ಲಿ ನನ್ನ ಬ್ಯಾಗಿನಲ್ಲೂ ಇಂಥದ್ದೇ ಒಂದು ನಮೂನೆ ಇತ್ತು. ಅದರಲ್ಲಿ ನಾನು ತುಂಬಿದ ಎರಡು ಸಾಲಿನಿಂದ 17 ಹೆಣ್ಣುಮಕ್ಕಳ ದೂರು ಕಸದ ಬುಟ್ಟಿ ಸೇರಿತು. ಮೊದಲು ಅದನ್ನು ಹೇಳಿಬಿಡ್ತೀನಿ.

ಆಗ ನಾನು ಧಾರವಾಡದ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಪಾರದರ್ಶಕತೆಯ ನಿಯಮಗಳು ಎಷ್ಟರಮಟ್ಟಿಗೆ ನಡೀತಿವೆ ಅಂತ ಗದಗ ಜಿಲ್ಲೆಯ ಕೆಲವು ಪಂಚಾಯ್ತಿಗಳಲ್ಲಿ ನೋಡಿ ಬರುವ ಕೆಲಸ. 2005ರ ಆ ಕಾಯ್ದೆಯ 17ನೇ ಕಲಂ ಪ್ರಕಾರ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ, ಅಂದರೆ ಊರವರೇ ಲೆಕ್ಕ ನೋಡೋದು, ಗ್ರಾಮಸಭೆಯ ಕೆಲಸವಾಗಿತ್ತು. 2011ರ ನಿಯಮ ಬಂದ ಮೇಲೆ ಆರು ತಿಂಗಳಿಗೊಮ್ಮೆ ಆಗಲೇಬೇಕಿತ್ತು. ಯಾರಿಗೆ ಎಷ್ಟು ದಿನ ಕೆಲಸ, ಎಷ್ಟು ಕೂಲಿ ಅನ್ನೋದು ಗೋಡೆ ಮೇಲೆ ಬರೆಸಿರಬೇಕಿತ್ತು. ದಿಲ್ಲಿಯಲ್ಲಿ ಕೂತು ಬರೆದ ಕಾನೂನು ಹಳ್ಳಿಯ ಕೂಲಿಯವರ ಕೈಗೆ ಲೆಕ್ಕ ಕೇಳುವ ಅಧಿಕಾರ ಕೊಟ್ಟಿತ್ತು. ಅದರ ಬಗ್ಗೆ ನನಗೆ ನಿಜವಾದ ಅಭಿಮಾನ ಇತ್ತು. ಆ ಅಭಿಮಾನದ ಭರದಲ್ಲೇ ಎಡವಿದೆ.

ಊರಿನ ಹೆಸರು ಬೇಡ. ಮಾರ್ಚ್ ತಿಂಗಳು, ಹನ್ನೊಂದು ಗಂಟೆ ಬಸ್ಸಿಗೆ ಇಳಿದೆ. ಪಂಚಾಯ್ತಿ ಆಫೀಸಿನಲ್ಲಿ ಕೂಡಿಸಿದರು, ಚಹಾ ಬಂತು, ಗ್ರಾಮಸಭೆಯ ರಿಜಿಸ್ಟರ್ ಬಂತು. ಸಹಿ, ಹೆಬ್ಬೆಟ್ಟು ಎಲ್ಲ ಸೇರಿ 112. ಒಂದೊಂದಕ್ಕೂ ಪೆನ್ಸಿಲ್ ಚುಕ್ಕೆ ಇಟ್ಟು ಎಣಿಸಿದೆ. 'ಪರಿಶೋಧನಾ ಸಭೆ ನಡೆದಿದೆಯೇ?' ಹೌದು. ಆಮೇಲೆ ಹಿತ್ತಲಿಗೆ ಕರಕೊಂಡು ಹೋಗಿ ಗೋಡೆ ತೋರಿಸಿದರು. ಹಳದಿ ಬಣ್ಣ, ನೀಲಿ ಅಕ್ಷರ, ಚೌಕಟ್ಟು ಹಾಕಿ ಚೆನ್ನಾಗಿ ಬರೆಸಿದ್ದರು. ಫೋಟೊ ತೆಗೆದೆ. 'ಗೋಡೆ ಬರಹ ಇದೆಯೇ?' ಹೌದು. ಎರಡಕ್ಕೂ ಪೂರ್ತಿ ಅಂಕ. ಮೂರು ಗಂಟೆ ಬಸ್ಸಿಗೆ ವಾಪಸ್.

ಜೂನ್‌ನಲ್ಲಿ ಆ ಊರಿನಿಂದ ಫೋನ್ ಬಂತು. ಫೆಬ್ರುವರಿಯಲ್ಲಿ ಕೆರೆ ಹೂಳು ಎತ್ತಿದ್ದ 17 ಹೆಣ್ಣುಮಕ್ಕಳಿಗೆ ಆರು ದಿನದ ಕೂಲಿ ಬಂದಿರಲಿಲ್ಲ. ಆಗ ದಿನಗೂಲಿ 204 ರೂಪಾಯಿ, ಒಟ್ಟು 20,808. ಕಾಯ್ದೆ ಪ್ರಕಾರ 15 ದಿನದೊಳಗೆ ಬರಬೇಕಿದ್ದ ದುಡ್ಡು. ತಾಲ್ಲೂಕಿನ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ, ಅಲ್ಲಿದ್ದವರು ನಮ್ಮ ವರದಿಯ ಪುಟ ತೆಗೆದು ಮುಂದೆ ಹಿಡಿದಿದ್ದಾರೆ. ಹೊರಗಿನ ಸಂಸ್ಥೆಯವರೇ ಬಂದು ನೋಡಿ ಎಲ್ಲ ಸರಿ ಐತಿ ಅಂತ ಬರದಾರ, ನಿಮ್ಮದೇನು ತಕರಾರು?

ಮರುದಿನವೇ ಹೋದೆ. ಆ ಗುಂಪಿನ ಹಿರಿಯಾಕೆ ಒಬ್ಬರು ಕಟ್ಟೆ ಮೇಲೆ ಕೂತಿದ್ದರು.

"ಯಪ್ಪಾ, ನೀ ಬಂದಿದ್ದೆಂತ. ನಮ್ಮನ್ನ ಯಾಕ ಕೇಳಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಿನ್ನ ಕಾಗದ ತೋರಿಸೇ ನಮ್ಮನ್ನ ಹೊಳ್ಳಿ ಕಳಿಸಿದ್ರು" ಅಂದರು. ಆಮೇಲೆ, "ಆ ಗ್ವಾಡಿ ಮ್ಯಾಲ ನನ್ನ ಹೆಸರು ಐತೇನು? ಓದಿ ಹೇಳು ನೋಡೂಣು" ಅಂದರು. ಗೋಡೆ ಇದ್ದದ್ದು ಕಾಂಪೌಂಡಿನ ಒಳಗೆ, ಗೇಟಿನ ಕೀಲಿ ವಾಟರ್‌ಮನ್ ಹತ್ತಿರ, ಅವನು ಊರಲ್ಲಿರಲಿಲ್ಲ. ಮೊಬೈಲಿನಲ್ಲಿದ್ದ ನನ್ನದೇ ಫೋಟೊ ತೆಗೆದು ಬೆರಳಿನಿಂದ ಹಿಗ್ಗಿಸಿದೆ. ಮೇಲಿನ ಸಾಲಿನಲ್ಲಿ 2013-14 ಅಂತ ಇತ್ತು. ಎರಡು ವರ್ಷ ಹಳೆಯ ಪಟ್ಟಿ. ಮೂರು ತಿಂಗಳು ಆ ಫೋಟೊ ನನ್ನ ಜೇಬಿನಲ್ಲೇ ಇತ್ತು. ವರದಿಯಲ್ಲಿ ಅಚ್ಚಾಗಿತ್ತು. ನಾನು ಒಂದು ಸಲವೂ ಓದಿರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವು ಕಳಿಸಿರುವ ನಮೂನೆಯಲ್ಲಿ ಅದೇ ಕಾಣ್ತಾ ಇದೆ. ನಾನು ಸುಳ್ಳು ಬರೆದಿರಲಿಲ್ಲ. ಗೋಡೆ ಇತ್ತು, ರಿಜಿಸ್ಟರ್ ಇತ್ತು. ಪ್ರಶ್ನೆಯೇ 'ಇದೆಯೇ?' ಅಂತ ಇತ್ತು, ಹೌದು ಅಂದೆ. ಆ ಗೋಡೆ ಯಾರಿಗೆ ಕಾಣುತ್ತೆ, ಯಾವ ವರ್ಷದ್ದು, ಅದನ್ನು ನೋಡಿ ಯಾರಾದರೂ ಏನಾದರೂ ಕೇಳಿದ್ದಾರಾ, ಕೇಳಿದವರಿಗೆ ಏನಾಯಿತು, ಇದ್ಯಾವುದೂ ನಮೂನೆಯಲ್ಲಿ ಇರಲಿಲ್ಲ ಅಂತ ನಾನೂ ಕೇಳಲಿಲ್ಲ. ಇನ್ನೊಂದು, ಉತ್ತರ ಯಾರಿಂದ ಪಡೆದೆ ಅನ್ನೋದು. ಯಾರು ಮಾತು ಕೊಟ್ಟಿದ್ದರೋ ಅವರನ್ನೇ, ಮಾತು ಉಳಿಸಿಕೊಂಡಿದ್ದೀರಾ ಅಂತ ಕೇಳಿದೆ. ನೂರು ಹೆಜ್ಜೆ ಆಚೆ ಗುಡಿ ಕಟ್ಟೆ ಇತ್ತು, ಅಲ್ಲಿಗೆ ಹೋಗಲಿಲ್ಲ. 112 ಹೆಬ್ಬೆಟ್ಟು-ಸಹಿ ಎಣಿಸಿದೆನಲ್ಲ, ಆ ಪುಸ್ತಕ ರೇಷನ್ ಕೊಡುವ ದಿನ ಸಾಲಿನಲ್ಲಿ ನಿಂತವರ ಮುಂದೆ ಹೋಗಿತ್ತಂತೆ. ಸಭೆ ಯಾವಾಗ ಆಯ್ತು ಅಂತ ಒಬ್ಬರನ್ನು ಕೇಳಿದ್ದರೂ ಗೊತ್ತಾಗಿರೋದು. ಒಬ್ಬರನ್ನೂ ಕೇಳಲಿಲ್ಲ.

ಹೂಳು ಎತ್ತಿದ ಆ ವಾರದ ಎನ್‌ಎಂಆರ್, ಅಂದರೆ ಕೂಲಿಯವರ ಹಾಜರಿ ಪಟ್ಟಿ, ಕೇಂದ್ರ ಸರ್ಕಾರದ ಜಾಲತಾಣದಲ್ಲೇ ಇತ್ತು, ಯಾರು ಬೇಕಾದರೂ ನೋಡುವ ಹಾಗೆ. ಅದಕ್ಕೂ ನಾನು ಪೂರ್ತಿ ಅಂಕ ಕೊಟ್ಟವನೇ. ಗದಗಿನಲ್ಲಿ ಪ್ರಿಂಟ್ ತೆಗೆಸಿ, ಸಂಜೆ ಗುಡಿ ಕಟ್ಟೆ ಮೇಲೆ ಕೂತು ಹೆಸರು ಗಟ್ಟಿಯಾಗಿ ಓದಿದೆ. ನಾಲ್ಕನೇ ಹೆಸರಿಗೇ ಯಾರೋ ತಡೆದರು. "ಏ, ಅವ್ರ ಚಕ್ಕಡಿ ಅವಾಗ ಉಳವ್ಯಾಗ ಇತ್ತಲ್ಲೋ." ಭಾರತ ಹುಣ್ಣಿಮೆಗೆ ಉಳವಿ ಚನ್ನಬಸವೇಶ್ವರ ಜಾತ್ರೆ, ನಮ್ಮ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಹೋದವರು ದಿನಗಟ್ಟಲೆ ಊರಲ್ಲಿರಲ್ಲ. ಜಾತ್ರೆಗೆ ಹೋದ ಮನೆಗಳವರ ಹೆಸರಿಗೆ ಆರು ದಿನದ ಹಾಜರಿ ಬಿದ್ದಿತ್ತು. ಹೂಳು ಹೊತ್ತವರ ಹೆಸರು ಇರಲಿಲ್ಲ. ದಿಲ್ಲಿಯಿಂದ ಎಂಥಾ ಲೆಕ್ಕಪರಿಶೋಧಕ ಬಂದರೂ ಈ ಕಳ್ಳಲೆಕ್ಕ ಹಿಡಿಯೋಕೆ ಆಗ್ತಿರಲಿಲ್ಲ. ಆ ಓಣಿಯವರಿಗೆ ಅರ್ಧ ನಿಮಿಷ ಸಾಕಾಯ್ತು. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್‌ಕಿರಾಣಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅನ್ನೋ ಕೂಲಿಕಾರ-ರೈತರ ಸಂಘಟನೆಯವರು ಮೊದಲ ಜನಸುನವಾಯಿ (ಜನರ ಮುಂದಿನ ಬಹಿರಂಗ ವಿಚಾರಣೆ) ನಡೆಸಿದಾಗಲೂ ಮಾಡಿದ್ದು ಇದನ್ನೇ, ಪಂಚಾಯ್ತಿಯ ಲೆಕ್ಕವನ್ನು ಊರ ಮುಂದೆ ಓದಿದ್ದು. ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದೇ ಅಲ್ಲಿಂದ. ಇದನ್ನೆಲ್ಲ ನಾನು ಓದಿಕೊಂಡಿದ್ದೆ, ತರಬೇತಿಗಳಲ್ಲಿ ಹೇಳುತ್ತಲೂ ಇದ್ದೆ.

ಆಮೇಲೆ ಮಾಹಿತಿ ಹಕ್ಕಿನಲ್ಲಿ ದೃಢೀಕೃತ ಪ್ರತಿ ತೆಗೆಸಿ, ಮತ್ತೆ ದೂರು ಕೊಟ್ಟು, ನಮ್ಮ ವರದಿ ತಪ್ಪು ಅಂತ ನಾನೇ ಬರೆದುಕೊಟ್ಟೆ. ಹನ್ನೊಂದು ಜನರಿಗೆ ಕೂಲಿ ಬಂತು, ಮುಂದಿನ ವರ್ಷ. ಆರು ಜನರಿಗೆ ಬರಲೇ ಇಲ್ಲ. ತಡವಾದ ದಿನಗಳಿಗೆ ಕಾಯ್ದೆಯಲ್ಲಿ ಹೇಳಿದ ಪರಿಹಾರ ಯಾರಿಗೂ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಯಾವುದಕ್ಕೆ ಎಷ್ಟು ಅಂಕ ಅನ್ನೋದನ್ನು ಸದ್ಯ ಬಿಡಿ. ಓಪನ್ ಗವರ್ನಮೆಂಟ್ ಪಾರ್ಟ್‌ನರ್‌ಶಿಪ್‌ನ ಅಳತೆಗೋಲು ಇಟ್ಟುಕೊಂಡಿದ್ದೀನಿ ಅಂದಿದ್ದೀರಿ. ಆಡಳಿತವನ್ನು ಜನರಿಗೆ ತೆರೆದಿಡ್ತೀವಿ ಅಂತ 2011ರಲ್ಲಿ ಎಂಟು ದೇಶ ಸೇರಿ ಕಟ್ಟಿದ ಕೂಟ ಅದು. ಭಾರತ ಸದಸ್ಯ ಅಲ್ಲ. ಸದಸ್ಯ ದೇಶಗಳು ಕ್ರಿಯಾಯೋಜನೆ ಕೊಡ್ತವೆ, ಅದನ್ನು ಸ್ವತಂತ್ರ ಪರಿಶೀಲಕರು ಅಳೀತಾರೆ. ಅಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ಹೇಳಿದ ಕೆಲಸ ಎಷ್ಟು ಮುಗಿಯಿತು ಅನ್ನೋದು ಒಂದು. ಅದರಿಂದ ಸರ್ಕಾರ ನಿಜಕ್ಕೂ ತೆರೆದುಕೊಂಡಿತಾ ಅನ್ನೋದು ಇನ್ನೊಂದು. ನಿಮ್ಮ ನಮೂನೆಯಲ್ಲಿರೋದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ಅವರು ಕೆಲವು ವರ್ಷ 'ಹದಗೆಟ್ಟಿತು' ಅನ್ನೋ ಉತ್ತರಕ್ಕೂ ಜಾಗ ಇಟ್ಟಿದ್ದರು. ಆ ಊರಿನ ಗೋಡೆಗೆ ನಾನು ಬರೆಯಬೇಕಿದ್ದದ್ದು ಅದು. ಗೋಡೆಯೇ ಇರದಿದ್ದರೆ ಆ ಹೆಣ್ಣುಮಕ್ಕಳ ಮುಖಕ್ಕೆ ಹಿಡಿಯೋಕೆ ತಾಲ್ಲೂಕಿನವರ ಹತ್ತಿರ ಏನೂ ಇರ್ತಿರಲಿಲ್ಲ.

ಜಾಲತಾಣ ಸಾಕಾ? ಸಾಲದು. ಕಾನೂನೇ ಸಾಲದು ಅನ್ನುತ್ತೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ, ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ 17 ಅಂಶಗಳ ಪಟ್ಟಿಯನ್ನು ಎಲ್ಲರೂ ಹಿಡ್ಕೊಂಡು ಕೂರ್ತಾರೆ, 4(4)ರ ತನಕ ಯಾರೂ ಬರಲ್ಲ. ಸ್ಥಳೀಯ ಭಾಷೆ, ಆ ಪ್ರದೇಶದಲ್ಲಿ ಜನರಿಗೆ ಚೆನ್ನಾಗಿ ಮುಟ್ಟುವ ವಿಧಾನ, ಎರಡನ್ನೂ ನೋಡಿ ಮಾಹಿತಿ ಹರಡಬೇಕು ಅಂತ ಅದರಲ್ಲಿದೆ. ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಪ್ರಕಟಣೆ ಎಲ್ಲವೂ ಅದರಲ್ಲಿ ಬರ್ತವೆ. ಅಂದರೆ ಡಂಗುರ ಸಾರುವುದೂ ಆ ಕಾಯ್ದೆಯೊಳಗೇ ಇದೆ. ಅಂಕ ಕೊಡಲೇಬೇಕಿದ್ದರೆ ಅಲ್ಲಿಂದ ಶುರು ಮಾಡಿ.

ಸಮಾಲೋಚನೆಯ ವಿಷಯವೂ ಇಷ್ಟೇ. ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ 2014ರ ನೀತಿ ಇದೆ. ನಿಮ್ಮ ನಮೂನೆಯಲ್ಲಿ 'ಕರಡು ಪ್ರಕಟವಾಗಿದೆಯೇ?' ಅಂತ ಮಾತ್ರ ಇದೆ. 2020ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡು ನೆನಪಿಸಿಕೊಳ್ಳಿ. ಅದು ಮಸೂದೆ ಅಲ್ಲ, ಆದರೆ ಪಾಠ ಒಂದೇ. ಕರಡು ಬಂದದ್ದು ಇಂಗ್ಲಿಷ್, ಹಿಂದಿಯಲ್ಲಿ, ಅದೂ ಲಾಕ್‌ಡೌನ್ ಕಾಲದಲ್ಲಿ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಅಂತ ದಿಲ್ಲಿ ಹೈಕೋರ್ಟ್ ಹೇಳಬೇಕಾಯ್ತು. ಅಂತಿಮ ಅಧಿಸೂಚನೆ ಹೊರಡಿಸದಂತೆ ನಮ್ಮ ಹೈಕೋರ್ಟೂ ತಡೆ ಕೊಟ್ಟಿತು. ನಿಮ್ಮ ಪಟ್ಟಿಯ ಲೆಕ್ಕದಲ್ಲಿ ಆ ಕರಡಿಗೂ 'ಹೌದು' ಬೀಳ್ತಿತ್ತು.

ಇನ್ನೊಂದು ಬದಲಾವಣೆಯನ್ನು ಪ್ರಬಂಧದಲ್ಲಿ ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೇ ಬದಲಿಸಿತು. ವೈಯಕ್ತಿಕ ಮಾಹಿತಿ ಅಂತ ಹೇಳಿ ನಿರಾಕರಿಸೋದು ಸುಲಭವಾಯ್ತು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನೋ 8(2) ಇನ್ನೂ ಇದೆ, ಆದರೆ ಅದನ್ನು ಹಿಡಿದು ಜಗ್ಗಾಡುವ ಶಕ್ತಿ ಕೂಲಿಯವರಿಗೆ ಎಲ್ಲಿಂದ ಬರಬೇಕು? ನಾವು ಆ ಸಂಜೆ ಓದಿದ್ದು ಹೆಸರುಗಳನ್ನು. ಹೆಸರಿಲ್ಲದ ಪಟ್ಟಿಯಲ್ಲಿ ಉಳವಿಗೆ ಹೋದ ಚಕ್ಕಡಿ ಯಾರಿಗೂ ಕಾಣಲ್ಲ.

ಊರವರ ಮಾತು ಬರೀ ಅನಿಸಿಕೆ, ಪುರಾವೆ ಅಲ್ಲ ಅಂತ ನಿಮ್ಮ ಮಾರ್ಗದರ್ಶಕರು ಹೇಳಿದ್ದಾರೆ ಅಂದಿದ್ದೀರಿ. ಇದನ್ನು ನಾನು ಒಪ್ಪೋದಿಲ್ಲ. ರಿಜಿಸ್ಟರಿನಲ್ಲಿದ್ದ 112 ಗುರುತು ಪುರಾವೆಯ ಹಾಗೆ ಕಂಡಿದ್ದವು, ಕಟ್ಟೆ ಮೇಲಿನ ಒಂದು ಮಾತು ಅವನ್ನು ಸುಳ್ಳು ಮಾಡಿತು.

ದಿಲ್ಲಿಗೆ ಹೋಗೋದು ಬೇಡವೇ ಬೇಡ. ನಿಮ್ಮ ಪಟ್ಟಿಯಲ್ಲಿರುವ ನಲವತ್ತು ಭರವಸೆಗಳಲ್ಲಿ ಮೂವತ್ತೆಂಟನ್ನು ಕೈಬಿಡಿ. ಉಳಿದ ಎರಡನ್ನು ನಿಮ್ಮ ತಾಲ್ಲೂಕಿನ ಒಂದು ಊರಿನ ತನಕ ಬೆನ್ನುಹತ್ತಿ. ಕಡತ ಬೇಕಾದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಅದರೊಳಗೆ ಬರೀರಿ. 30 ದಿನ ಕಾಯಿರಿ. ಉತ್ತರ ಬರದಿದ್ದರೆ ಮೇಲ್ಮನವಿಗೆ ಮತ್ತೆ 30 ದಿನ ಇರುತ್ತೆ, ತಪ್ಪಿಸಬೇಡಿ. ಆಫೀಸಿಗೆ ಕೊನೆಗೆ ಹೋಗಿ. ಮೊದಲು ಊರೊಳಗೆ ಹೋಗಿ, ಅದೂ ಸೋಮವಾರ. ಆ ದಿನ ನಮ್ಮ ಕಡೆ ಎತ್ತು ಹೂಡಲ್ಲ, ಕಟ್ಟೆ ಮೇಲೆ ಜನ ಸಿಗ್ತಾರೆ.