ಕ್ರೇನ್ ಯಾವುದು, ಕೊಕ್ಕರೆ ಯಾವುದು?

ಪ್ರಶ್ನೆ: ಸಿಗಂದೂರು ಸೇತುವೆ ಕಟ್ಟುತ್ತಿದ್ದಾಗ ಲಾಂಚ್‌ನಲ್ಲಿ ಹೋಗುತ್ತಿದ್ದೆವು. ಹಿನ್ನೀರಿನ ಮಧ್ಯೆ ದೊಡ್ಡ ದೊಡ್ಡ ಕ್ರೇನ್‌ಗಳು ನಿಂತಿದ್ದವು. ಆರನೇ ಕ್ಲಾಸಿನ ಮಗಳು, "ಅಮ್ಮಾ, ಕ್ರೇನ್ ಅಂದ್ರೆ ಕೊಕ್ಕರೆ ಅಂತ ಬರ್ಸಿದ್ರಲ್ಲ ಶಾಲೇಲಿ?" ಅಂದಳು. ಹಕ್ಕಿಗೂ ಯಂತ್ರಕ್ಕೂ ಒಂದೇ ಹೆಸರು ಯಾಕೆ? ಯಾರದ್ದು ಮೊದಲು?
– ಓದುಗರೊಬ್ಬರು, ಸಾಗರ

ಉತ್ತರ: ಹಕ್ಕಿಯದ್ದೇ ಮೊದಲು. ಉದ್ದ ಕತ್ತು, ತುದಿಯಲ್ಲಿ ಕೊಕ್ಕು, ಬಗ್ಗಿ ಏನನ್ನೋ ಎತ್ತಿಕೊಳ್ಳುವ ರೀತಿ, ಇದನ್ನು ನೋಡಿದವರು ಯಂತ್ರಕ್ಕೂ ಅದೇ ಹೆಸರು ಕರೆದರು. ಇದು ಇಂಗ್ಲಿಷಿನವರು ಶುರು ಮಾಡಿದ್ದೂ ಅಲ್ಲ. ಸುಮಾರು 2500 ವರ್ಷದ ಹಿಂದೆಯೇ ಗ್ರೀಕರು ಗುಡಿ ಕಟ್ಟಲು ಇಂಥ ಯಂತ್ರದಿಂದ ಕಲ್ಲು ಎತ್ತುತ್ತಿದ್ದರು. ಅವರ ಭಾಷೆಯಲ್ಲಿ ಈ ಹಕ್ಕಿಯೂ 'ಗೆರಾನೋಸ್', ಯಂತ್ರವೂ 'ಗೆರಾನೋಸ್'. ಫ್ರೆಂಚರಿಗೆ ಇವತ್ತಿಗೂ ಎರಡೂ 'ಗ್ರೂ'.

ಆ ಹೆಸರು ಎಲ್ಲೆಲ್ಲಿಗೆ ಹೋಗಿದೆ ನೋಡಿ. ಕತ್ತು ಉದ್ದ ಮಾಡಿ ಇಣುಕುವುದಕ್ಕೂ ಇಂಗ್ಲಿಷ್‌ನಲ್ಲಿ ಕ್ರೇನ್ ಅನ್ನುತ್ತಾರೆ. ನಾಯಿಮರಿ ಕೊಳ್ಳುವಾಗ 'ಪೆಡಿಗ್ರಿ ಇದೆಯಾ' ಅಂತ ಕೇಳುತ್ತೀರಲ್ಲ, ಅದು ಕೂಡ ಹಳೇ ಫ್ರೆಂಚ್‌ನ 'ಕ್ರೇನ್ ಹಕ್ಕಿಯ ಪಾದ' ಎಂಬ ಮಾತಿನಿಂದ ಬಂದದ್ದು: ವಂಶಾವಳಿ ಬರೆಯುವಾಗ ಒಂದು ಗೆರೆಯಿಂದ ಕವಲು ಒಡೆಸುತ್ತಾರಲ್ಲ, ಅದು ಹಕ್ಕಿಯ ಕಾಲ್ಬೆರಳಿನ ಹಾಗೆ ಕಂಡಿತಂತೆ. ಜೆರೇನಿಯಂ ಹೂವಿನ ಹೆಸರೂ ಗೆರಾನೋಸ್‌ನಿಂದಲೇ, ಅದರ ಕಾಯಿ ಕೊಕ್ಕಿನ ಹಾಗೆ ಚೂಪಾಗಿರುತ್ತದೆ. ತಮಾಷೆ ಏನೆಂದರೆ ಎಸ್ಟೇಟ್ ಬಂಗಲೆಗಳ ಕುಂಡದಲ್ಲಿ ನಾವು ಜೆರೇನಿಯಂ ಅನ್ನುವ ಗಿಡ ಹೆಚ್ಚಿನ ಸಲ ಪೆಲಾರ್ಗೋನಿಯಂ ಆಗಿರುತ್ತದೆ. ಆ ಹೆಸರು ಬಂದಿದ್ದು ಗ್ರೀಕ್‌ನಲ್ಲಿ ಸ್ಟಾರ್ಕ್ ಎಂಬ ಇನ್ನೊಂದು ಉದ್ದ ಕೊಕ್ಕಿನ ಹಕ್ಕಿಗಿರುವ ಪದದಿಂದ. ಅಂದರೆ ಉದ್ದ ಕೊಕ್ಕಿನ ಹಕ್ಕಿಗಳ ಗೊಂದಲ ನಮಗೊಬ್ಬರಿಗೇ ಅಲ್ಲ.

ಆ ಗೊಂದಲಕ್ಕೇ ಬರೋಣ, ಯಾಕೆಂದರೆ ನಿಮ್ಮ ಮಗಳ ಪ್ರಶ್ನೆಯ ಗಂಟು ಇರುವುದು ಅಲ್ಲೇ. ಆ ಯಂತ್ರಕ್ಕೆ ಹೆಸರು ಕೊಟ್ಟ ಹಕ್ಕಿ ನಮ್ಮ ಕೊಕ್ಕರೆ ಅಲ್ಲವೇ ಅಲ್ಲ! ಕೊಕ್ಕರೆ ಬೆಳ್ಳೂರಿನಲ್ಲಿ ಕಾಣುವ ಬಣ್ಣದ ಕೊಕ್ಕರೆ ಸ್ಟಾರ್ಕ್ ಜಾತಿಯದ್ದು. ಗದ್ದೆಯಲ್ಲಿ ನಿಲ್ಲುವ ಬೆಳ್ಳಕ್ಕಿ ಬೇರೆ ಕುಟುಂಬ. ಕ್ರೇನ್‌ಗಳದ್ದು ಇನ್ನೊಂದೇ ಕುಟುಂಬ, ಜಗತ್ತಿನಲ್ಲಿ ಇರುವುದು 15 ಜಾತಿ. ನಮ್ಮ ದೇಶದಲ್ಲಿ ಹೆಸರುವಾಸಿ ಎಂದರೆ ಸಾರಸ. ಉತ್ತರ ಪ್ರದೇಶದ ರಾಜ್ಯಪಕ್ಷಿ, ನಿಂತರೆ ಆರಡಿವರೆಗೂ ಬರುತ್ತದೆ, ಹಾರುವ ಹಕ್ಕಿಗಳಲ್ಲೇ ಅತಿ ಎತ್ತರದ್ದು. ಮಲೆನಾಡಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಹಿನ್ನೀರಿನಲ್ಲಿ ನಿಮ್ಮ ಮಗಳು ನೋಡಿದ್ದೇ ನಮ್ಮೂರಿನ ಕ್ರೇನ್!

ಪ್ರಶ್ನೆ: ಮಂಡಗದ್ದೆಗೆ ಹೋಗುವವರಿದ್ದೇವೆ. ಅಲ್ಲಿರುವುದು ಕ್ರೇನಾ, ಬೆಳ್ಳಕ್ಕಿನಾ? ದೂರದಿಂದ ಗುರುತಿಸುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಭದ್ರಾವತಿ

ಉತ್ತರ: ಅವು ಮರದ ಮೇಲೆ ಗೂಡು ಕಟ್ಟಿವೆಯಲ್ಲ, ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಕ್ರೇನ್‌ಗಳು ನೆಲದ ಮೇಲೆ, ಜೌಗಿನಲ್ಲಿ ಗೂಡು ಮಾಡುತ್ತವೆ. ಅವುಗಳ ಹಿಂಬೆರಳು ಗಿಡ್ಡ, ಮೇಲಕ್ಕೆ ಇರುತ್ತದೆ. ಕೊಂಬೆ ಹಿಡಿದು ಕೂರಲು ಆಗುವುದಿಲ್ಲ. ಆಫ್ರಿಕಾದ ಕಿರೀಟ ಕ್ರೇನ್ ಮಾತ್ರ ಇದಕ್ಕೆ ಹೊರತು. ಇನ್ನರ್ಧ ಉತ್ತರ ಹಾರುವಾಗ ಸಿಗುತ್ತದೆ. ಬೆಳ್ಳಕ್ಕಿ ಕತ್ತನ್ನು ಮಡಚಿ ಎದೆಗೆ ಒತ್ತಿಕೊಂಡು ಹಾರುತ್ತದೆ. ಕ್ರೇನ್ ಮತ್ತು ಸ್ಟಾರ್ಕ್ ಕತ್ತನ್ನು ಮುಂದಕ್ಕೆ ನೇರ ಚಾಚುತ್ತವೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ., ತುಂಗೆಯ ನಡುಗಡ್ಡೆ. ಮಳೆಗಾಲದಲ್ಲಿ ಹೋಗಿ, ಗೂಡಿನ ಕಾಲ ಅದೇ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಸಿಗುತ್ತವೆ. ನದಿ ತುಂಬಿ ಹರಿಯುತ್ತಿರುತ್ತದೆ, ದಡದಿಂದಲೇ ನೋಡಿ.

ಪ್ರಶ್ನೆ: ಕ್ರೇನ್‌ಗೆ ಕನ್ನಡ ಪದ ಯಾಕಿಲ್ಲ?
– ನಿವೃತ್ತ ಶಿಕ್ಷಕರು, ಹೊಸನಗರ

ಉತ್ತರ: 'ಭಾರ ಎತ್ತುವ ಯಂತ್ರ' ಅಂತ ಬರೆಯಬಹುದು ಮೇಷ್ಟ್ರೇ. ಆದರೆ ಬಾಳೆಬರೆ ಘಾಟಿಯಲ್ಲಿ ಲಾರಿ ಚರಂಡಿಗೆ ಇಳಿದು ಎರಡೂ ಕಡೆ ಬಸ್ಸು ನಿಂತಾಗ 'ಭಾರ ಎತ್ತುವ ಯಂತ್ರಕ್ಕೆ ಫೋನ್ ಮಾಡ್ರೋ' ಅಂತ ಯಾರೂ ಕೂಗುವುದಿಲ್ಲ. ಕ್ರೇನ್ ಅನ್ನುವುದು ಈಗ ಕನ್ನಡವೇ. ಬಸ್ಸಿನ ಹಾಗೆ.

ಹಾಗಂತ ಹಕ್ಕಿಯ ಹೆಸರನ್ನು ಸಲಕರಣೆಗೆ ಇಡುವ ಬುದ್ಧಿ ನಮ್ಮವರಿಗೆ ಇರಲಿಲ್ಲ ಅಂದುಕೊಳ್ಳಬೇಡಿ. ನಮ್ಮ ಹಳೇ ರಸಶಾಸ್ತ್ರದಲ್ಲಿ, ಅಂದರೆ ಪಾದರಸ, ಲೋಹಗಳಿಂದ ಔಷಧ ಮಾಡುವ ವಿದ್ಯೆಯಲ್ಲಿ, 'ಬಕಯಂತ್ರ' ಇದೆ, ಉದ್ದ ಬಾಗಿದ ಕತ್ತಿನ ಭಟ್ಟಿ ಪಾತ್ರೆ. ಸುಶ್ರುತ ಸಂಹಿತೆ 24 ಬಗೆಯ ಚಿಮಟಗಳನ್ನು ಹೇಳುತ್ತದೆ, ಅವಕ್ಕೆ ಸಿಂಹ, ಕಾಗೆ ಹೀಗೆ ಪ್ರಾಣಿಪಕ್ಷಿಗಳ ಮುಖದ ಹೆಸರು. ಅದರಲ್ಲಿ 'ಕಂಕಮುಖ' ಎಲ್ಲಕ್ಕಿಂತ ಶ್ರೇಷ್ಠ ಎನ್ನುತ್ತದೆ ಸಂಹಿತೆ. ಕಂಕ ಅಂದರೆ ಬಕದ ಜಾತಿಯ ಹಕ್ಕಿ. ಕೊಕ್ಕು ಸಣ್ಣ ಸಂದಿಯಲ್ಲೂ ಸಲೀಸಾಗಿ ಒಳಗೆ ಹೋಗಬೇಕು, ಮೈಗೆ ಹೊಕ್ಕ ಬಾಣದ ಮೊನೆಯನ್ನು ಕಚ್ಚಿ ಹೊರಗೆ ತರಬೇಕು. ಸುಮ್ನೆ ಅಂದಕ್ಕೆ ಇಟ್ಟ ಹೆಸರಲ್ಲ.

ಇನ್ನು ನಮ್ಮ ಮನೆಯಂಗಳಕ್ಕೇ ಬನ್ನಿ. ಬಾವಿಗೆ ಕೊಡಪಾನ ಬಿದ್ದರೆ ಏನು ಹುಡುಕುತ್ತಿದ್ದೆವು? ಪಾತಾಳಗರಡಿ. ಕಬ್ಬಿಣದ ಬಳೆಯ ಸುತ್ತ ಜೋತುಬಿದ್ದ ಕೊಕ್ಕೆಗಳು, ಮೇಲೆ ಹಗ್ಗ. ಅದನ್ನು ಇಳಿಸಿ ತಳದಲ್ಲಿ ನಿಧಾನ ಆಡಿಸುತ್ತಾ ಇದ್ದರೆ, ಕೊಕ್ಕೆ ಕೊಡದ ಕಂಠಕ್ಕೆ ಸಿಕ್ಕಿಕೊಂಡಾಗ ಹಗ್ಗದಲ್ಲೇ ಕೈಗೆ ಗೊತ್ತಾಗುತ್ತಿತ್ತು. ಕೆಲವರು ಅದನ್ನು ಪಾತಾಳಗರುಡ ಅಂತಲೂ ಕರೆಯುತ್ತಾರೆ. ಆಕಾಶದಲ್ಲಿರುವ ಗರುಡನನ್ನು ಬಾವಿಯ ತಳಕ್ಕೆ ಇಳಿಸಿದ ಜನ ನಾವು, ಕ್ರೇನ್‌ಗೆ ಯಾಕೆ ಬೇಜಾರು ಮಾಡಿಕೊಳ್ಳಬೇಕು ಹೇಳಿ.

ಪ್ರಶ್ನೆ: ಯಂತ್ರದ ಹಿಂದೆ ಹಾರುವ ಕ್ರೇನ್ ಹಕ್ಕಿ ಇದೆ ಅಂತ ಗೆಳೆಯ ಹೇಳುತ್ತಾನೆ. ರೈಲು ಬಿಡ್ತಿದಾನಾ?
– ಓದುಗ, ಕೊಪ್ಪ

ಉತ್ತರ: ಇಲ್ಲ, ನಿಜವೇ. ಅಮೆರಿಕದ ವೂಪಿಂಗ್ ಕ್ರೇನ್ 1940ರ ದಶಕದ ಶುರುವಿನಲ್ಲಿ ಸುಮಾರು 20ಕ್ಕೆ ಇಳಿದಿತ್ತು. ಆಮೇಲೆ ಮನುಷ್ಯರೇ ಸಾಕಿದ ಮರಿಗಳಿಗೆ ವಲಸೆ ದಾರಿ ತೋರಿಸುವ ತಾಯಿ ಇಲ್ಲ. ಅದಕ್ಕೆ 2001ರಿಂದ ಪುಟ್ಟ ಅಲ್ಟ್ರಾಲೈಟ್ ವಿಮಾನಗಳನ್ನು ಮುಂದೆ ಬಿಟ್ಟು ಮರಿಗಳನ್ನು ವಿಸ್ಕಾನ್ಸಿನ್‌ನಿಂದ ಫ್ಲೋರಿಡಾಕ್ಕೆ ಕರೆದೊಯ್ದರು. ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳಬಾರದೆಂದು ಪೈಲಟ್‌ಗಳು ಮೈತುಂಬ ಬಿಳಿ ನಿಲುವಂಗಿ ಹಾಕಿಕೊಳ್ಳುತ್ತಿದ್ದರು. ಹದಿನೈದು ವರ್ಷ ನಡೆದು ಆ ಪದ್ಧತಿ ನಿಂತಿತು, ಹೀಗೆ ಬೆಳೆದ ಹಕ್ಕಿಗಳು ಮರಿ ಮಾಡುವುದರಲ್ಲಿ ಹಿಂದೆ ಬಿದ್ದವು ಅನ್ನುವುದು ಒಂದು ಕಾರಣ.

ನಮ್ಮ ಗದ್ದೆಯಲ್ಲಿ ಟಿಲ್ಲರ್ ಹಿಂದೆ ಬರುವ ಬೆಳ್ಳಕ್ಕಿಯ ಲೆಕ್ಕ ಬೇರೆ. ಅದಕ್ಕೆ ದಾರಿ ಬೇಕಿಲ್ಲ, ಮಣ್ಣು ಮಗುಚಿದಾಗ ಏಳುವ ಹುಳ, ಕಪ್ಪೆ ಬೇಕು. ಮೊದಲು ಎತ್ತಿನ ಹಿಂದೆ ಬರುತ್ತಿತ್ತು, ಈಗ ಟಿಲ್ಲರ್ ಹಿಂದೆ ಬರುತ್ತದೆ. ಅಂದಹಾಗೆ, ಮರಿ ಮಾಡುವ ಕಾಲದಲ್ಲಿ ಅದರ ತಲೆ, ಎದೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಇದು ಬೇರೆ ಹಕ್ಕಿ ಅಂತ ಜಗಳ ಆಡಬೇಡಿ, ಅದೇ ಹಕ್ಕಿ.