ಹಂದಿ ಕರುಳಿನ ಬ್ಯಾಕ್ಟೀರಿಯಾಕ್ಕೂ ನಮಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಪಂದಿ ಕರಿ ಆಗಲೇಬೇಕು. ಫಾರಂ ಹಂದಿಗಳಿಗೆ ಮೇವಿನಲ್ಲೇ ಆಂಟಿಬಯೋಟಿಕ್ ಕೊಡುತ್ತಾರೆ, ಆಮೇಲೆ ಅವುಗಳ ಕರುಳಿನ ಬ್ಯಾಕ್ಟೀರಿಯಾಕ್ಕೆ ಯಾವ ಔಷಧಿಯೂ ನಾಟುವುದಿಲ್ಲ ಅಂತ ಓದಿದೆ. ಚೆನ್ನಾಗಿ ಬೇಯಿಸಿದರೆ ಸಾಕಲ್ವಾ?
- ಓದುಗರು, ಮಡಿಕೇರಿ

ಉತ್ತರ: ನಿಮ್ಮ ತಟ್ಟೆಯ ಮಟ್ಟಿಗೆ ಸಾಕು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕೂಡ ಬೆಂಕಿಗೆ ಬಗ್ಗಲೇಬೇಕು. ಆದರೆ ಹಸಿ ಮಾಂಸ ಕೊಯ್ದ ಮಣೆಯ ಮೇಲೇ ಸೌತೆಕಾಯಿ ಹೆಚ್ಚಿದಿರೋ, ಅಷ್ಟು ಹೊತ್ತು ಬೇಯಿಸಿದ್ದೂ ದಂಡ.

ಇನ್ನು ಫಾರಂ ವಿಷಯ. ತಾಯಿ ಹಾಲು ಬಿಡಿಸಿದ ಮರಿಗಳಿಗೆ ಭೇದಿ ಜಾಸ್ತಿ, ಇಕ್ಕಟ್ಟಿನಲ್ಲಿ ಒಂದಕ್ಕೆ ಬಂದರೆ ಎಲ್ಲಕ್ಕೂ ಬರುತ್ತದೆ. ಅದಕ್ಕೇ ಕಾಯಿಲೆ ಬರುವ ಮೊದಲೇ ಎಲ್ಲಕ್ಕೂ ಔಷಧಿ, ಜೊತೆಗೆ ಬೇಗ ತೂಕ ಬರಲಿ ಅಂತ ಬೇರೆ. ಚೀನಾದಲ್ಲಿ ಕೊಲಿಸ್ಟಿನ್ ಅನ್ನು ಹೀಗೆ ಬಳಸುತ್ತಿದ್ದರು. ಐಸಿಯುನಲ್ಲಿ ಬೇರೇನೂ ಕೆಲಸ ಮಾಡದಿದ್ದಾಗ ಡಾಕ್ಟರು ಕಟ್ಟಕಡೆಗೆ ಕೈ ಹಾಕುವ ಔಷಧಿ ಅದು, ಅದನ್ನು ಹಂದಿ ದಪ್ಪ ಆಗಲಿ ಅಂತ ಮೇವಿಗೆ ಸುರಿದರು!

2015ರಲ್ಲಿ ಒಂದು ಅಧ್ಯಯನದಿಂದ ಗುಟ್ಟು ಹೊರಬಿತ್ತು. ಶಾಂಘೈ ಕಡೆಯ ಒಂದು ಫಾರಂ ಹಂದಿಯ ಇ. ಕೋಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾದಲ್ಲಿ ಕೊಲಿಸ್ಟಿನ್‌ಗೆ ಜಗ್ಗದ ಜೀನ್ ಸಿಕ್ಕಿತ್ತು, ಹೆಸರು ಎಂಸಿಆರ್-1. ಅದು ಕೂತಿದ್ದು ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಬಳೆಯಲ್ಲಿ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ನೋಡಿ: ಕೊಟ್ಟವರ ಮೊಸರೂ ಉಳಿಯುತ್ತದೆ, ತಗೊಂಡವರ ಹಾಲೂ ಮೊಸರಾಗುತ್ತದೆ. ಬ್ಯಾಕ್ಟೀರಿಯಾಗಳು ಬೇರೆ ಜಾತಿಯವಕ್ಕೂ ಈ ಬಳೆಯನ್ನು ದಾಟಿಸುತ್ತವೆ. ಆ ಅಧ್ಯಯನದಲ್ಲಿ ಹಂದಿಗಳಿಂದ ತೆಗೆದ 804 ಮಾದರಿಗಳಲ್ಲಿ 166ರಲ್ಲಿ ಈ ಜೀನ್ ಇತ್ತು, ಆಸ್ಪತ್ರೆ ರೋಗಿಗಳ 1322ರಲ್ಲಿ 16ರಲ್ಲಿ. ಕಮ್ಮಿ ಅನ್ನಿಸಬಹುದು, ಆ 16 ಮಂದಿಯನ್ನು ಕೇಳಬೇಕು ಅಷ್ಟೇ.

ಹಾಗಾಗಿ ಹಂದಿ ಮಾಂಸ ಮುಟ್ಟದವರೂ ಸುಮ್ನೆ ಕೂರುವಂತಿಲ್ಲ. ಸಗಣಿ ಗೊಬ್ಬರ, ತೊಳೆದ ನೀರು, ಫಾರಂನಲ್ಲಿ ದುಡಿಯುವವರ ಕೈ, ದಾರಿ ಬೇಕಾದಷ್ಟಿವೆ.

ಒಂದು ಸಮಾಧಾನ ಇದೆ. 2017ರಲ್ಲಿ ಚೀನಾ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು, ಆಮೇಲೆ ಹಂದಿಗಳಲ್ಲೂ ಜನರಲ್ಲೂ ಈ ಜೀನ್ ಇಳಿಯಿತು. ನಮ್ಮಲ್ಲೂ 2019ರ ಜುಲೈನಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧ. ಬೇರೆ ಆಂಟಿಬಯೋಟಿಕ್‌ಗಳ ಕಥೆ ಬೇರೆ, ಅದಕ್ಕೇ ಮಾಂಸ ತರುವ ಕಡೆ ಒಂದು ಮಾತು ಕೇಳಿ ನೋಡಿ: ಔಷಧಿ ಕೊಡೋದು ಕಾಯಿಲೆ ಬಂದಾಗ ಮಾತ್ರವೋ, ದಿನಾ ಮೇವಿನ ಜೊತೆಯೋ? ಮಣೆ ಮಾತ್ರ ಇವತ್ತೇ ಬೇರೆ ಮಾಡಿ.