ಆರ್ಕಿಟೆಕ್ಚರ್ ವಿಭಾಗದ ಧ್ಯೇಯಗಳನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ನನ್ನ ಮಗಳು ಪಿಯುಸಿ ಮುಗಿಸಿ ಆರ್ಕಿಟೆಕ್ಚರ್ ಪ್ರವೇಶಕ್ಕಾಗಿ ನಾಟಾ ಪರೀಕ್ಷೆ ಬರೆದಿದ್ದಾಳೆ. ನಾವು ತರಿಸಿಕೊಂಡ ಆರ್ಕಿಟೆಕ್ಚರ್ ವಿಭಾಗಗಳ ಕೈಪಿಡಿಗಳಲ್ಲೆಲ್ಲ ಸಮಾಜಮುಖಿ ವಿನ್ಯಾಸ, ಪರಿಸರದ ಹೊಣೆ, ಪರಂಪರೆಯ ಅರಿವು, ವೃತ್ತಿನೀತಿ ಎಂಬ ಧ್ಯೇಯಗಳು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿವೆ. ಇವನ್ನು ನಂಬಬಹುದೇ? ಯಾವ ವಿಭಾಗ ಇವನ್ನು ಪಾಲಿಸುತ್ತಿದೆಯೆಂದು ನಮ್ಮಂಥವರು ತಿಳಿಯುವುದು ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮಾತುಗಳು ಒಂದೇ ಬಗೆಯಾಗಿರಲು ಕಾರಣವಿದೆ. ನ್ಯಾಕ್‌ನಂತಹ ಕಾಲೇಜುಗಳ ಮೌಲ್ಯಮಾಪನ ಮಾಡುವ ಸಂಸ್ಥೆಗಳು ಧ್ಯೇಯೋದ್ದೇಶಗಳನ್ನು ಲಿಖಿತವಾಗಿ ಕೇಳುತ್ತವೆ, ಎಲ್ಲರೂ ಬರೆದುಕೊಡುತ್ತಾರೆ. ಹಾಗೆಂದು ಅವನ್ನು ಬರೀ ಅಲಂಕಾರವೆಂದು ತಳ್ಳಿಹಾಕಬೇಕಿಲ್ಲ. ಬಿ.ಆರ್ಕ್. ಐದು ವರ್ಷಗಳ ಪದವಿ. ಅದರಲ್ಲಿ ಮುಖ್ಯ ಪಾಠ ನಡೆಯುವುದು ಡಿಸೈನ್ ಸ್ಟುಡಿಯೊದಲ್ಲಿ, ಎಂದರೆ ನಕ್ಷೆ ಬರೆಯುತ್ತಲೇ ವಿನ್ಯಾಸ ಕಲಿಯುವ ತರಗತಿಯಲ್ಲಿ. ವಿದ್ಯಾರ್ಥಿಗೆ ಅಲ್ಲಿ ಎಂತಹ ಸೈಟು ಕೊಡುತ್ತಾರೆ, ಯಾರಿಗಾಗಿ ವಿನ್ಯಾಸ ಮಾಡಲು ಹೇಳುತ್ತಾರೆ, ವಿನ್ಯಾಸವನ್ನು ಪರಿಶೀಲಿಸುವ ಜೂರಿಯ ಎದುರು ಏನೇನು ಪ್ರಶ್ನೆ ಕೇಳುತ್ತಾರೆ ಎಂಬುದನ್ನು ನೋಡಿದರೆ ಆ ವಿಭಾಗ ಯಾವುದಕ್ಕೆ ಬೆಲೆ ಕೊಡುತ್ತದೆಂಬುದು ತಿಳಿಯುತ್ತದೆ. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಳೆದ ಒಂದೆರಡು ವರ್ಷಗಳ ಸ್ಟುಡಿಯೊ ಹಾಳೆಗಳನ್ನು ತೋರಿಸಿರೆಂದು ಸಂಕೋಚವಿಲ್ಲದೆ ಕೇಳಿ.

ನಿಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಕಡೂರು ಬಯಲುಸೀಮೆ, ಮಳೆ ಕಡಿಮೆ. ಕೊಟ್ಟಿಗೆಹಾರ, ಶೃಂಗೇರಿಯ ಕಡೆ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಎರಡೂ ಕಡೆಗೆ ಒಂದೇ ತಾರಸಿ ಮನೆಯ ನಕ್ಷೆ ತಂದಿಟ್ಟವನಿಗೆ ಒಳ್ಳೆಯ ಅಂಕ ಸಿಗುವುದಾದರೆ, ಪರಿಸರದ ಹೊಣೆಯ ಮಾತು ಕೈಪಿಡಿಯಲ್ಲೇ ಉಳಿದಿದೆ ಎಂದರ್ಥ. ಮಲೆನಾಡಿನ ಹಳೆಯ ಮನೆಗಳ ಇಳಿಜಾರು ಹೆಂಚಿನ ಮಾಡು, ಎರಚಲು ಗೋಡೆಗೆ ತಾಗದಂತೆ ಮುಂದಕ್ಕೆ ಚಾಚಿದ ಸೂರು, ಎತ್ತರದ ಜಗಲಿ ಇವುಗಳನ್ನು ನಕಲು ಮಾಡಬೇಕೆಂದು ನಾನು ಹೇಳುತ್ತಿಲ್ಲ; ಹಾಗೇಕೆ ಕಟ್ಟಿದರೆಂಬುದನ್ನು ವಿದ್ಯಾರ್ಥಿಗಳು ಟೇಪು ಹಿಡಿದು ಅಳೆದು, ಮೇಸ್ತ್ರಿಗಳನ್ನು ಕೇಳಿ ತಿಳಿದಿರಬೇಕು. ಗುಡ್ಡದ ಸೈಟು ಕೊಟ್ಟಿದ್ದರೆ, ಜೆಸಿಬಿಯಿಂದ ಕಡಿದು ಸಮತಟ್ಟು ಮಾಡುವ ಮೊದಲು ನೀರು ಯಾವ ಕಡೆ ಇಳಿಯುತ್ತದೆ, ಮೇಲಿನ ಧರೆ ಮಳೆಗಾಲದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿದೆಯೇ ನೋಡಿ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಹೆದ್ದಾರಿ ಮುಚ್ಚಿದ್ದನ್ನು ಕಂಡಿರುವ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಸಮಾಜಮುಖಿ ಎಂಬ ಮಾತನ್ನು ಪರೀಕ್ಷಿಸುವುದು ಇನ್ನೂ ಸುಲಭ. ಮಳೆಯ ನೀರು ಒಳಗೆ ಬರದಿರಲೆಂದು ಕಟ್ಟಡವೊಂದನ್ನು ನೆಲದಿಂದ 2 ಅಡಿ ಎತ್ತರಿಸಿದರೆ, ಗಾಲಿಕುರ್ಚಿಗೆ ಬೇಕಾದ 1:12ರ ಇಳಿಜಾರಿಗೆ 24 ಅಡಿ ಉದ್ದ ಬೇಕು. ಇಳಿಜಾರಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಕುರ್ಚಿ ತಿರುಗಿಸಿಕೊಳ್ಳಲು ಸಮತಟ್ಟು ಜಾಗ ಬೇರೆ. ಅದನ್ನು 10 ಅಡಿಯಲ್ಲಿ ಮುಗಿಸಿದ ನಕ್ಷೆಯನ್ನು ಅಧ್ಯಾಪಕರು ತಿದ್ದಿಸಿದ್ದಾರೆಯೇ? ಹಾಗೆಯೇ, ಎಲ್ಲ ವರ್ಷಗಳಲ್ಲೂ ರೆಸಾರ್ಟು, ಮಾಲ್‌ಗಳೇ ವಿಷಯವಾಗಿವೆಯೇ, ಅಥವಾ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಒಲೆಯ ಹೊಗೆ ಹೊರಹೋಗುವ ದಾರಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗ ಇಂಥವನ್ನೂ ಯಾರಾದರೂ ವಿನ್ಯಾಸದ ಸಮಸ್ಯೆಯೆಂದು ಎತ್ತಿಕೊಂಡಿದ್ದಾರೆಯೇ?

ಪರಂಪರೆಯ ವಿಷಯದಲ್ಲಿ ನನಗೆ ಸ್ವಲ್ಪ ತಕರಾರಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸವೇನೋ ಎಲ್ಲ ಕಾಲೇಜುಗಳವರೂ ಹೊರಡುತ್ತಾರೆ. ಫೋಟೊ ತೆಗೆದು ಬಂದು, ಸಿಮೆಂಟಿನ ಬಸ್ ನಿಲ್ದಾಣದ ಮುಖಕ್ಕೆ ದೇವಾಲಯದ ನಕ್ಷತ್ರಾಕಾರದ ಜಗತಿ (ಎತ್ತರದ ಕಟ್ಟೆ) ಅಂಟಿಸಿದರೆ ಅದನ್ನು ಪರಂಪರೆಯ ಅರಿವು ಎನ್ನಲಾಗದು. ಅಗೆದು ತೆಗೆದಾಗ ಮೆದುವಾಗಿರುವ ಬಳಪದ ಕಲ್ಲು ಅಷ್ಟು ಸೂಕ್ಷ್ಮ ಕೆತ್ತನೆಗೆ ಹೇಗೆ ಅನುವಾಯಿತು, ಕಂಬಗಳಿಗೆ ಕಡೆದ ರೂಪ ಹೇಗೆ ಬಂತು ಎಂಬುದನ್ನು ಅಳತೆಯ ಚಿತ್ರ ಬರೆದು ಕಲಿಯುವವರ ವಿಭಾಗ ಬೇರೆಯದೇ.

ವೃತ್ತಿನೀತಿಯ ವಿಚಾರ ಚಿಕ್ಕದು. ಕೆಲಸ ಗಿಟ್ಟಿಸಲು ಕಮಿಷನ್, ಉಡುಗೊರೆ ಕೊಡುವುದನ್ನೂ ಪಡೆಯುವುದನ್ನೂ ಆರ್ಕಿಟೆಕ್ಟರಿಗಾಗಿ ಇರುವ 1989ರ ವೃತ್ತಿ ನಡತೆಯ ನಿಯಮಗಳು ನಿಷೇಧಿಸಿವೆ. ಅದನ್ನು ಪಾಠ ಮಾಡುತ್ತಾರೆಯೇ ಎಂದು ವಿದ್ಯಾರ್ಥಿಗಳನ್ನೇ ಕೇಳಿದರೆ ಸಾಕು.

ಪ್ರಶ್ನೆ: ಸಿವಿಲ್ ಎಂಜಿನಿಯರುಗಳೂ ಮನೆಯ ನಕ್ಷೆ ಮಾಡಿಕೊಡುತ್ತಾರೆ. ಹಾಗಿದ್ದ ಮೇಲೆ ಐದು ವರ್ಷ ಆರ್ಕಿಟೆಕ್ಚರ್ ಏಕೆ ಓದಬೇಕು?
– ವಿದ್ಯಾರ್ಥಿ, ಹಾಸನ

ಉತ್ತರ: 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು, ಕಾಯ್ದೆಯ ನಿರ್ಬಂಧವಿರುವುದು ಆ ಹೆಸರಿಗೆ, ಕೆಲಸಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ನಕ್ಷೆ ಬರೆಯುವ ಹಕ್ಕಿಗಾಗಿ ಐದು ವರ್ಷ ಓದಬೇಕೆಂದರೆ ನಿಮಗೆ ನಷ್ಟವೆನಿಸಬಹುದು. ಎಂಜಿನಿಯರಿಂಗ್‌ನಲ್ಲಿ ಕಟ್ಟಡದ ಬಲ, ಸಾಮಗ್ರಿಗಳ ಲೆಕ್ಕಾಚಾರಕ್ಕೆ ಒತ್ತು. ಆರ್ಕಿಟೆಕ್ಚರ್‌ನಲ್ಲಿ ಬೆಳಕು, ಗಾಳಿ, ಬಳಸುವವರ ಓಡಾಟ, ಬೀದಿಯೊಡನೆ ಕಟ್ಟಡದ ಸಂಬಂಧ ಇವುಗಳಿಗೆ ಒತ್ತು. ಸ್ಕೆಚ್ ಮಾಡುವುದರಲ್ಲಿ, ಮಾಡೆಲ್ ಕಟ್ಟುವುದರಲ್ಲಿ, ಜೂರಿ ಒಪ್ಪದ ವಿನ್ಯಾಸವನ್ನು ಮೊದಲಿನಿಂದ ಮತ್ತೆ ಮಾಡುವುದರಲ್ಲಿ ಬೇಸರವಿಲ್ಲದಿದ್ದರೆ ಸೇರಿ. ಲೆಕ್ಕದಲ್ಲೇ ಮನಸ್ಸಿದ್ದರೆ ಸಿವಿಲ್ ನಿಮಗೆ ಹೆಚ್ಚು ಒಗ್ಗುತ್ತದೆ.